ಅವ್ವ ಬಿಪಿ ಮಾತ್ರೆ ಬಿಟ್ಟ ಹತ್ತೊಂಬತ್ತು ದಿನ

ನಮ್ಮವ್ವ ಮಾತ್ರೆ ಇಡೋದು ಒಂದು ಹಳೇ ಸ್ಟೀಲಿನ ಎಲೆಅಡಿಕೆ ಡಬ್ಬೀಲಿ. ಒಳಗೆ ಮೂರು ಖಾನೆ, ಒಂದ್ರಲ್ಲಿ ಶುಗರ್ ಮಾತ್ರೆ, ಒಂದ್ರಲ್ಲಿ ಬಿಪಿ ಮಾತ್ರೆ, ಇನ್ನೊಂದ್ರಲ್ಲಿ ಲವಂಗ. ಒಂದು ಭಾನುವಾರ ಊಟ ಆದ್ಮೇಲೆ ಲವಂಗ ಬಾಯಿಗೆ ಹಾಕ್ಕೊಳ್ಳೋಣ ಅಂತ ಡಬ್ಬಿ ತೆಗೆದೆ, ನೋಡಿದ್ರೆ ಬಿಪಿ ಖಾನೇಲಿ ನಾನೇ ತಿಂಗಳ ಮೊದಲ್ನೇ ದಿನ ತಂದಿಟ್ಟಿದ್ದ ಸ್ಟ್ರಿಪ್‌ಗಳು ಹಂಗೇ ಇದಾವೆ, ಒಂದು ಮಾತ್ರೆನೂ ಒಡೆದಿಲ್ಲ. ಅವತ್ತು ತಾರೀಖು ಇಪ್ಪತ್ತು.

"ಏನವ್ವಾ ಇದು, ಮಾತ್ರೆ ಹಂಗೇ ಐತಲ್ಲ" ಅಂದೆ. ಅವ್ವ ಪಾತ್ರೆ ಎತ್ತಿಡ್ತಾ ಇತ್ತು, ನನ್ನ ಮುಖ ನೋಡ್ಲಿಲ್ಲ. "ಅದನ್ನ ತಗಂಡ್ರೆ ಚರ್ಮದ ಕ್ಯಾನ್ಸರ್ ಬರ್ತತಂತೆ, ಫಾರಿನ್ನಿನ ವಿಜ್ಞಾನಿಗಳೇ ಹೇಳ್ಯಾರೆ. ನೀನು ಬಯ್ತಿ ಅಂತ ಹೇಳ್ಲಿಲ್ಲ" ಅಂತು.

ನಾನು ಹದಿನೇಳು ವರ್ಷದಿಂದ ಮೆಡಿಕಲ್ ಶಾಪ್ ಇಟ್ಕೊಂಡಿರೋನು, ದಾವಣಗೆರೆ ವಿದ್ಯಾನಗರದ ಕಡೆ. ದಿನಕ್ಕೆ ನೂರಾರು ಜನ ಬರ್ತಾರೆ, ಮಾತ್ರೆ ನಿಲ್ಲಿಸ್ಬೇಡಿ, ಡಾಕ್ಟ್ರನ್ನ ಕೇಳ್ದೆ ಬದಲಾಯಿಸ್ಬೇಡಿ ಅಂತ ಹೇಳ್ತಾನೇ ಇರ್ತೀನಿ. ಆದ್ರೆ ನಮ್ಮ ಮನೇಲೇ ಹತ್ತೊಂಬತ್ತು ದಿನದಿಂದ ಅವ್ವ ಮಾತ್ರೆ ಇಲ್ದೆ ಓಡಾಡ್ತಿದೆ ಅಂತ ನಂಗೆ ಗೊತ್ತಿರ್ಲಿಲ್ಲ. ಬಿಪಿ ಮಷಿನ್ ತಂದು ಪಟ್ಟಿ ಸುತ್ತಿದೆ, 186/104 ಬಂತು. ಐದು ನಿಮಿಷ ಕೂರಿಸಿ ಇನ್ನೊಂದು ಸಲ ನೋಡ್ದೆ, 182. ಅರವತ್ತೆಂಟು ವರ್ಷದ ಹೆಂಗಸು, ಶುಗರ್ ಬೇರೆ ಇದೆ, ಆ ಹತ್ತೊಂಬತ್ತು ರಾತ್ರೀಲಿ ಯಾವತ್ತಾದ್ರೂ ಒಂದಿನ ಬಾಯಿ ಸೊಟ್ಟಗಾಗಿ ಎಡಗೈ ಬಿದ್ದಿದ್ರೆ ನಾವೆಲ್ಲ ಏನು ಮಾಡ್ಬೇಕಿತ್ತು ಅಂತ ಯೋಚ್ನೆ ಬಂದ್ರೆ ಈಗ್ಲೂ ಹೊಟ್ಟೇಲಿ ಕಿವುಚಿದಂಗಾಗುತ್ತೆ.

ಅವ್ವಂಗೆ ಆ ಸುದ್ದಿ ಬಂದಿದ್ದು ಜಗಳೂರಿನ ಚಿಕ್ಕವ್ವನ ಫೋನಿಂದ. ಯಾವುದೋ ಚಾನೆಲ್ಲಿನ ತುಣುಕು, ನಲವತ್ತು ಸೆಕೆಂಡಿಂದು, ಕೆಂಪು ಅಕ್ಷರದಲ್ಲಿ ಬಿಪಿ ಮಾತ್ರೆಯಿಂದ ನಾಲ್ಕು ಪಟ್ಟು ಕ್ಯಾನ್ಸರ್ ಅಂತ, ಹಿಂದೆ ಡಂ ಡಂ ಅಂತ ಮ್ಯೂಸಿಕ್ಕು. ಯಾವ ಮಾತ್ರೆ, ಎಲ್ಲಿ ಸಂಶೋಧನೆ, ಎಷ್ಟು ವರ್ಷ ತಗೊಂಡೋರಿಗೆ, ಯಾವುದೂ ಇಲ್ಲ. ಕೊನೇಲಿ ವೈದ್ಯರನ್ನ ಕೇಳಿ ಅಂತಾನೂ ಇಲ್ಲ.

ಸೋಮವಾರ ಬೆಳಿಗ್ಗೆನೇ ಡಾಕ್ಟ್ರ ಹತ್ರ ಕರ್ಕೊಂಡು ಹೋದೆ. ಅವ್ರು ಅವ್ವನ್ನ ಬೈಲಿಲ್ಲ, ಅದಕ್ಕೆ ಅವ್ರಿಗೆ ಇವತ್ತಿಗೂ ಕೈ ಮುಗೀತೀನಿ. ಮಾತ್ರೆ ಮತ್ತೆ ಶುರು ಮಾಡ್ಸಿ, ಕಿಡ್ನಿ ಹೆಂಗಿದೆ ಅಂತ ತೋರ್ಸೋ ಕ್ರಿಯಾಟಿನಿನ್ನು, ರಕ್ತದ ಉಪ್ಪಿನಂಶ ಎಲ್ಲ ಚೆಕ್ ಮಾಡ್ಸಿ, ನನ್ನ ಕಡೆ ತಿರುಗಿ "ಆ ಸುದ್ದಿ ಪೂರ್ತಿ ಸುಳ್ಳಲ್ಲ ಕಣ್ರೀ, ಮೂಲ ಸಂಶೋಧನಾ ಪೇಪರ್ ಓದಿ, ಆಮೇಲೆ ನಿಮ್ಮ ತಾಯಿಗೆ ನೀವೇ ಹೇಳಿ" ಅಂದ್ರು. ನಾನು ಅದು ಬರೀ ಬುರುಡೆ ಅನ್ಕೊಂಡಿದ್ದೆ. ಅವತ್ತು ರಾತ್ರಿ ಅಂಗಡಿ ಬಾಗಿಲು ಹಾಕಿ ಹುಡುಕಿ ಓದೋಕೆ ಕೂತೆ.

ಡಾಕ್ಟ್ರು ಹೇಳಿದ್ದು ನಿಜ. ಅವ್ವನ ಮಾತ್ರೇಲಿ ಎರಡು ಔಷಧಿ ಇದಾವೆ, ಅದ್ರಲ್ಲಿ ಒಂದು ಹೈಡ್ರೋಕ್ಲೋರೋಥಯಾಜೈಡ್, ಸ್ಟ್ರಿಪ್ ಮೇಲೆ ಹೆಸರಿನ ಕೊನೇಲಿ ಎಚ್ ಅಂತ ಇರುತ್ತಲ್ಲ ಅದು, ಉಪ್ಪು ನೀರು ಮೂತ್ರದಲ್ಲಿ ಹೊರಗೆ ಹಾಕಿ ಬಿಪಿ ಇಳಿಸೋದು. ಡೆನ್ಮಾರ್ಕಿನೋರು ತಮ್ಮ ದೇಶದ ಕ್ಯಾನ್ಸರ್ ದಾಖಲೆ, ಔಷಧಿ ಮಾರಾಟದ ದಾಖಲೆ ಎರಡನ್ನೂ ಜೋಡಿಸಿ ನೋಡಿದಾರೆ, 2018ರಲ್ಲಿ ಅದು ಬಂದಿದೆ. ಈ ಔಷಧಿ ಒಟ್ಟು 50,000 ಮಿಲಿಗ್ರಾಂಗಿಂತ ಜಾಸ್ತಿ ತಗೊಂಡೋರಲ್ಲಿ ಒಂದು ಜಾತಿಯ ಚರ್ಮದ ಕ್ಯಾನ್ಸರ್ ಸುಮಾರು ನಾಲ್ಕು ಪಟ್ಟು ಜಾಸ್ತಿ ಕಾಣಿಸ್ತು. ಚಾನೆಲ್ಲಿನ ನಾಲ್ಕು ಪಟ್ಟು ಬಂದಿದ್ದು ಅಲ್ಲಿಂದ.

ಈಗ 50,000 ಮಿಲಿಗ್ರಾಂ ಅಂದ್ರೆ ಎಷ್ಟು ಅಂತ ಲೆಕ್ಕ ಹಾಕಿ. ಅವ್ವನ ಮಾತ್ರೇಲಿ ಇರೋದು 12.5 ಮಿಲಿಗ್ರಾಂ. ದಿನಕ್ಕೊಂದರ ಹಾಗೆ ಒಂದಿನಾನೂ ತಪ್ಪಿಸ್ದೆ ತಗೊಂಡ್ರೆ ಆ ಲೆಕ್ಕ ಮುಟ್ಟೋಕೆ ಹತ್ರಹತ್ರ ಹನ್ನೊಂದು ವರ್ಷ ಬೇಕು. ಅವ್ವ ಶುರು ಮಾಡಿ ನಾಲ್ಕು ವರ್ಷ ಆಗಿದೆ ಅಷ್ಟೆ. ಇನ್ನು ಈ ಕ್ಯಾನ್ಸರ್ರು ಬಿಸಿಲಿಗೆ ಬೇಗ ಕೆಂಪಾಗೋ ಬಿಳಿ ಚರ್ಮದೋರಲ್ಲಿ ಹೆಚ್ಚು, ನಮ್ಮ ಬಣ್ಣದೋರಲ್ಲಿ ಮೊದ್ಲೇ ಅಪರೂಪ. 2020ರ ಆಗಸ್ಟಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಎಚ್ಚರಿಕೆನ ಔಷಧಿ ಜೊತೆ ಬರೋ ಚೀಟೀಲಿ ಹಾಕಿಸ್ತು, ಆದ್ರೆ ಜೊತೇಲಿ ಒಂದು ಲೆಕ್ಕಾನೂ ಕೊಡ್ತು: ಈ ಮಾತ್ರೆ ತಗೊಳ್ಳೋ 16,000 ಜನರಲ್ಲಿ ವರ್ಷಕ್ಕೆ ಒಬ್ರಿಗೆ ಹೆಚ್ಚುವರಿಯಾಗಿ ಆ ಕ್ಯಾನ್ಸರ್ ಬರಬಹುದು ಅಂತ. ಬಿಳಿಯರಲ್ಲಿ, ಅದೂ 50,000 ದಾಟಿದೋರಲ್ಲಿ, 6,700ಕ್ಕೆ ಒಬ್ರು.

16,000 ಜನ ಅಂದ್ರೆ ಹೆಂಗೆ ಅಂದಾಜು ಮಾಡ್ಬೇಕು. 2011ರ ಜನಗಣತೀಲಿ ನಮ್ಮ ದಾವಣಗೆರೆ ಸಿಟಿ ಜನಸಂಖ್ಯೆ ಸುಮಾರು 4.35 ಲಕ್ಷ, ಪಾಲಿಕೆ ವಾರ್ಡು 45. ಅಂದ್ರೆ ಒಂದೂವರೆ ವಾರ್ಡಿಗಿಂತ ಜಾಸ್ತಿ ಜನ, ಕೂಸಿಂದ ಮುದುಕರ ತನಕ ಎಲ್ರೂ ಈ ಮಾತ್ರೆ ತಗೊಂಡ್ರೆ ವರ್ಷಕ್ಕೆ ಒಬ್ರು. ಅದೂ ಬೇಗ ಕಂಡ್ರೆ ಕತ್ತರಿಸಿ ತೆಗೆಯೋ ಅಂಥದ್ದು. ಈ ಕಡೆ ಬಿಪಿ ಬಿಟ್ರೆ ಏನಾಗುತ್ತೆ? 2016ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ 123 ಪ್ರಯೋಗ, ಆರು ಲಕ್ಷಕ್ಕೂ ಹೆಚ್ಚು ಜನರದ್ದು ಒಟ್ಟು ಸೇರಿಸಿ ನೋಡಿದ ಲೆಕ್ಕ ಬಂತು, ಮೇಲಿನ ಬಿಪಿ 10 ಇಳಿಸಿದ್ರೆ ಸ್ಟ್ರೋಕ್ ಶೇಕಡಾ 27 ಕಮ್ಮಿ. ಇದೂ ಪಟ್ಟು ಶೇಕಡಾದ ಲೆಕ್ಕಾನೇ, ಒಪ್ತೀನಿ, ಆದ್ರೆ ಬಿಪಿ ಇರೋ ವಯಸ್ಸಾದೋರಲ್ಲಿ ಸ್ಟ್ರೋಕ್ ಅನ್ನೋದು ಒಂದೂವರೆ ವಾರ್ಡಿಗೆ ಒಬ್ರಿಗೆ ಆಗೋದಲ್ಲ, ಪ್ರತಿ ಬೀದೀಲೂ ಒಬ್ರನ್ನ ತೋರಿಸಬಹುದು. ಅಪರೂಪದ್ದು ನಾಲ್ಕು ಪಟ್ಟಾದ್ರೂ ಅಪರೂಪಾನೇ, ಮಾಮೂಲಿ ಇರೋದು ಕಾಲು ಭಾಗ ಇಳಿದ್ರೆ ಎಷ್ಟೋ ಮನೆ ಉಳಿಯುತ್ತೆ. ಈ ಒಂದು ವಾಕ್ಯ ಆ ನಲವತ್ತು ಸೆಕೆಂಡಲ್ಲಿ ಹೇಳೋಕೆ ಆಗ್ತಿರ್ಲಿಲ್ವಾ?

ಅವ್ವನ ಮುಂದೆ ಒಂದು ಸೇರು ಅಕ್ಕಿ ಸುರಿದು, ಅದ್ರಲ್ಲಿ ಒಂದೇ ಒಂದು ತೊಗರಿ ಕಾಳು ಹಾಕಿ ಕಲಸಿ ತೋರಿಸ್ದೆ. ಇದ್ರಲ್ಲಿ ಈ ಕಾಳು ನಿನ್ನ ಕೈಗೆ ಸಿಗುತ್ತೆ ಅನ್ನೋ ಹೆದ್ರಿಕೆಗೆ ನೀನು ಮಾತ್ರೆ ಬಿಟ್ಟಿದ್ದು ಅಂದೆ. ಸುಮಾರು ಹೊತ್ತು ಅಕ್ಕೀಲಿ ಬೆರಳಾಡಿಸ್ತು, ಏನೂ ಮಾತಾಡ್ಲಿಲ್ಲ. ಆಮೇಲೆ ಎದ್ದು ಹೋಗಿ ನೀರು ತಗೊಂಡು ಮಾತ್ರೆ ನುಂಗ್ತು.

ಅವತ್ತಿಂದ ನಾನು ಆರೋಗ್ಯದ ಸುದ್ದಿ ಓದೋ ರೀತಿನೇ ಬೇರೆ ಆಗಿದೆ. ಅಂಗಡಿಗೆ ಪೇಪರ್ ಕಟಿಂಗ್ ಹಿಡ್ಕೊಂಡು ಬರೋರು, ಫೋನ್ ಮುಂದೆ ಹಿಡಿದು "ಇದು ನಿಜಾನಾ ಸಾರ್" ಅನ್ನೋರು ವಾರಕ್ಕೆ ನಾಲ್ಕೈದು ಜನ ಇದ್ದೇ ಇರ್ತಾರೆ. ಮೊದ್ಲು ನಾನು ಅದೆಲ್ಲ ಸುಳ್ಳು ಹೋಗ್ರಿ ಅಂತಿದ್ದೆ, ಈಗ ಹಂಗನ್ನಲ್ಲ. ಸುದ್ದಿ ಎಷ್ಟು ಆಶ್ಚರ್ಯದ್ದೋ ಅಷ್ಟು ನಿಧಾನ ಮಾಡಿ ಅಂತೀನಿ. ಯಾಕಂದ್ರೆ ಇಷ್ಟು ವರ್ಷ ಎಲ್ರೂ ಒಪ್ಪಿರೋದನ್ನ ಒಂದು ಸಂಶೋಧನೆ ಉಲ್ಟಾ ಹೊಡೀತು ಅಂದ್ರೆ ಎರಡೇ ಸಾಧ್ಯತೆ, ಇಷ್ಟು ವರ್ಷದ ಸಾವಿರಾರು ಜನರ ಕೆಲಸ ತಪ್ಪು, ಇಲ್ಲಾಂದ್ರೆ ಈ ಹೊಸದ್ರಲ್ಲಿ ಏನೋ ಎಡವಟ್ಟಾಗಿದೆ. ಎರಡನೇದೇ ಜಾಸ್ತಿ ಸಲ ಆಗೋದು. ಮೊದಲ್ನೇದೂ ಆಗುತ್ತೆ, ಆದ್ರೆ ಅದು ನಿಜ ಆಗಿದ್ರೆ ಇನ್ನೊಬ್ರು ಮಾಡಿದಾಗ್ಲೂ ಹಂಗೇ ಬರುತ್ತೆ, ಮತ್ತೊಬ್ರು ಮಾಡಿದಾಗ್ಲೂ ಬರುತ್ತೆ, ಕಾಯೋದ್ರಿಂದ ನಮಗೇನೂ ಲುಕ್ಸಾನಿಲ್ಲ.

2015ರಲ್ಲಿ ಜಾನ್ ಬೊಹಾನನ್ ಅನ್ನೋ ಪತ್ರಕರ್ತ ಬೇಕಂತಲೇ ಒಂದು ಪ್ರಯೋಗ ಮಾಡಿದ್ರು. ಜರ್ಮನೀಲಿ ಹದಿನಾರು ಜನರನ್ನ ಸೇರಿಸಿ, ಅದ್ರಲ್ಲಿ ಒಬ್ರು ಬಿಟ್ಟು ಹೋಗಿ ಹದಿನೈದು ಉಳಿದ್ರು, ಕೆಲವ್ರಿಗೆ ಮಾತ್ರ ದಿನಾ ಕಪ್ಪು ಚಾಕೊಲೇಟ್ ಕೊಟ್ಟು, ಮೂರು ವಾರ 18 ಥರದ ಅಳತೆ ತಗೊಂಡ್ರು, ತೂಕ, ಕೊಲೆಸ್ಟ್ರಾಲ್, ನಿದ್ದೆ, ಎಲ್ಲ. ಚಾಕೊಲೇಟ್ ತಿಂದೋರು ಬೇಗ ತೂಕ ಇಳಿಸಿದ್ರು ಅಂತ ಬಂತು. ದುಡ್ಡು ಕೊಟ್ರೆ ಹಾಕೋ ಒಂದು ಸಂಶೋಧನಾ ಜರ್ನಲ್ಲಲ್ಲಿ ಹಾಕಿಸಿದ್ರು, ಜರ್ಮನಿಯ ಬಿಲ್ಡ್ ಪತ್ರಿಕೆ ಮುಖಪುಟದಲ್ಲೇ ಬಂತು, ಸುಮಾರು ದೇಶಗಳ ಪತ್ರಿಕೆಲೂ ಬಂತು. ಆಮೇಲೆ ಅವ್ರೇ ಹೇಳಿದ್ರು, ನಾವು ಬೇಕಂತಲೇ ಕೆಟ್ಟದಾಗಿ ಮಾಡಿದ್ದು, ಯಾರೂ ಕೇಳ್ಲಿಲ್ಲ ಅಂತ.

ಇದ್ರಲ್ಲಿ ಲೆಕ್ಕ ಸುಳ್ಳು ಬರೆದಿಲ್ಲ, ಅದನ್ನ ಗಮನಿಸಬೇಕು. ಚೌಕಾಬಾರ ಆಡಿದೋರಿಗೆ ಇದು ತಕ್ಷಣ ಅರ್ಥ ಆಗುತ್ತೆ. ನಾಲ್ಕು ಕವಡೆ ಹದಿನೆಂಟು ಸಲ ಎಸೆದ್ರೆ ಎಲ್ಲೋ ಒಂದು ಸಲ ಎಂಟು ಬೀಳೋ ಸಾಧ್ಯತೆನೇ ಜಾಸ್ತಿ. ಉಳಿದ ಹದಿನೇಳನ್ನ ಮುಚ್ಚಿಟ್ಟು ಆ ಒಂದು ಎಂಟನ್ನ ಮಾತ್ರ ವಿಡಿಯೋ ಮಾಡಿ ಹಾಕಿದ್ರೆ ನೋಡಿದೋರು ಏನಂತಾರೆ, ಇವನ ಕೈಲಿ ಏನೋ ಐತಪ್ಪ ಅಂತಾರೆ. ಹದಿನೈದೇ ಜನ, ಹದಿನೆಂಟು ಅಳತೆ, ಒಂದಲ್ಲ ಒಂದು ಎಂಟು ಬಿದ್ದಂಗೆ ಕಾಣೋ ಸಾಧ್ಯತೆನೇ ಜಾಸ್ತಿ. ಎಷ್ಟು ಜನ, ಎಷ್ಟು ಸಲ ಎಸೆದ್ರು ಅಂತ ಕೇಳೋದು ಅದಕ್ಕೇ.

ಚಾಕೊಲೇಟಿಂದ ಯಾರಿಗೂ ಅಂಥ ತೊಂದ್ರೆ ಆಗ್ಲಿಲ್ಲ ಬಿಡಿ. 2020ರ ಮಾರ್ಚಲ್ಲಿ ನನ್ನ ಅಂಗಡೀಲೇ ಆಗಿದ್ದು ಅಂಥದ್ದಲ್ಲ.

ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನೋ ಮಾತ್ರೆ, ಎಚ್‌ಸಿಕ್ಯೂ ಅಂತೀವಿ. ಅದು ಬಹಳ ವರ್ಷದಿಂದ ಸಂಧಿವಾತದೋರು, ಲೂಪಸ್ ಅಂತ ಮೈಯ ರೋಗನಿರೋಧಕ ಶಕ್ತಿನೇ ಮೈಮೇಲೆ ತಿರುಗಿ ಬೀಳೋ ಕಾಯಿಲೆ ಇರೋರು ದಿನಾ ತಗೊಳ್ಳೋ ಮಾತ್ರೆ. ಫ್ರಾನ್ಸಿನ ಮಾರ್ಸೇ ಊರಲ್ಲಿ ಡಿಡಿಯೇ ರೌಲ್ ಅನ್ನೋ ಪ್ರಸಿದ್ಧ ವಿಜ್ಞಾನಿಯ ತಂಡ ಕೊರೊನಾಗೆ ಇದನ್ನ ಕೊಟ್ರೆ ಮೂಗಲ್ಲಿ ವೈರಸ್ ಬೇಗ ಹೋಗುತ್ತೆ ಅಂತ ಆ ತಿಂಗಳ 20ರಂದು ಪ್ರಕಟಿಸ್ತು, ಅಮೆರಿಕದ ಅಧ್ಯಕ್ಷರೇ ಹೊಗಳಿದ್ರು, ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಕೂಡ ಕೊರೊನಾ ರೋಗಿಗಳ ಸೇವೆ ಮಾಡೋ ಸಿಬ್ಬಂದಿಗೆ, ರೋಗಿ ಮನೆಯೋರಿಗೆ ಮುಂಜಾಗ್ರತೆಗೆ ತಗೋಬಹುದು ಅಂತ ಹೇಳ್ತು. ಎರಡು ದಿನದಲ್ಲಿ ನನ್ನ ಅಂಗಡೀಲಿದ್ದ ಅಷ್ಟೂ ಸ್ಟ್ರಿಪ್ ಖಾಲಿ. ಡಾಕ್ಟ್ರ ಚೀಟಿ ತಂದೋರಿಗೆ ಕೊಟ್ಟೆ, ಆದ್ರೆ ಚೀಟಿ ತಂದೋರಲ್ಲಿ ಸುಮಾರು ಜನ ಮೈಯಲ್ಲಿ ಏನೂ ಇಲ್ದೋರು, ಇರ್ಲಿ ಅಂತ ತಗೊಂಡೋರು. 26ರಂದು ಸರ್ಕಾರ ಅದನ್ನ ಎಚ್1 ಪಟ್ಟಿಗೆ ಸೇರಿಸಿ ರಿಜಿಸ್ಟರಲ್ಲಿ ಬರೆದೇ ಕೊಡ್ಬೇಕು ಅಂತ ಮಾಡ್ತು, ಅಷ್ಟೊತ್ತಿಗೆ ಡಿಸ್ಟ್ರಿಬ್ಯೂಟರ್ ಹತ್ರಾನೂ ಇರ್ಲಿಲ್ಲ.

ಲಾಕ್‌ಡೌನ್ ಶುರುವಾಗಿ ಮೂರೋ ನಾಲ್ಕೋ ದಿನ ಆಗಿತ್ತು. ಹರಿಹರದ ಕಡೆಯಿಂದ ಒಬ್ರು ಬೈಕಲ್ಲಿ ಬಂದ್ರು, ದಾರೀಲಿ ಎರಡು ಕಡೆ ಪೊಲೀಸ್ರಿಗೆ ಚೀಟಿ ತೋರ್ಸಿ ಬಂದಿದಾರೆ, ಕರ್ಚೀಫ್ ಕಟ್ಟಿದ ಮುಖ. ಹೆಂಡ್ತಿಗೆ ಆರು ವರ್ಷದಿಂದ ಸಂಧಿವಾತ, ಪ್ರತಿ ತಿಂಗಳೂ ನನ್ನ ಹತ್ರಾನೇ ಒಯ್ಯೋರು. ನಾನು ಖಾಲಿ ಡಬ್ಬ ಎತ್ತಿ ತೋರಿಸ್ದೆ. ಅವ್ರು ಡಬ್ಬ ಕೈಗೆ ತಗೊಂಡು ಒಳಗೆ ಬೆರಳು ಹಾಕಿ ನೋಡಿದ್ರು, ಮೂಲೇಲಿ ಒಂದಾದ್ರೂ ಇದ್ಯಾ ಅಂತ. "ಆಕಿ ಕೈ ಮುಚ್ಚಾಕೆ ಬರ್ತಿಲ್ರೀ, ಬೆಳಿಗ್ಗೆ ಎದ್ರೆ ಜಡೆ ಸೈತ ನಾನೇ ಹಾಕ್ತೀನಿ" ಅಂದ್ರು. ಊರಲ್ಲಿರೋ ಗೊತ್ತಿರೋ ಅಂಗಡಿಗೆಲ್ಲ ಫೋನ್ ಮಾಡ್ದೆ, ಸಿಗ್ಲಿಲ್ಲ. ಮತ್ತೆ ಮಾತ್ರೆ ಬಂದಾಗ ಅವ್ರಿಗೇ ಮೊದ್ಲು ಫೋನ್ ಮಾಡಿದ್ದು, ಆದ್ರೆ ಅಷ್ಟೊತ್ತಿಗೆ ತಿಂಗಳ ಮೇಲಾಗಿತ್ತು.

ಇದೆಲ್ಲ ಆಗಿದ್ದು ಎಷ್ಟು ಜನರ ಮೇಲೆ ಮಾಡಿದ ಸಂಶೋಧನೆಯಿಂದ ಗೊತ್ತಾ? ಲೆಕ್ಕಕ್ಕೆ ಹಿಡಿದಿದ್ದು 36 ಜನ. ಮಾತ್ರೆ ತಗೊಂಡೋರು ಮೊದ್ಲು 26 ಇದ್ರು, ಲೆಕ್ಕ ಹಾಕೋವಾಗ 20 ಆದ್ರು. ಆ ಆರು ಜನ ಎಲ್ಲಿ ಹೋದ್ರು ಅಂತ ಆ ಪೇಪರಲ್ಲೇ ಬರೆದಿದಾರೆ: ಮೂವರು ಐಸಿಯುಗೆ ಹೋದ್ರು, ಒಬ್ರು ಸತ್ರು, ಒಬ್ರು ಆಸ್ಪತ್ರೆ ಬಿಟ್ಟು ಹೋದ್ರು, ಒಬ್ರು ವಾಕರಿಕೆ ಬಂದು ನಿಲ್ಲಿಸಿದ್ರು. ಅವ್ರನ್ನೆಲ್ಲ ತೆಗೆದು ಉಳಿದೋರಲ್ಲಿ ಮಾತ್ರೆ ಚೆನ್ನಾಗಿ ಕೆಲಸ ಮಾಡ್ತು ಅಂದ್ರು. ಪರೀಕ್ಷೇಲಿ ಫೇಲಾದ ಹುಡುಗ್ರ ಹೆಸರು ಹೊಡೆದು ಹಾಕಿ ನಮ್ಮ ಸ್ಕೂಲಿಗೆ ನೂರಕ್ಕೆ ನೂರು ರಿಸಲ್ಟ್ ಅಂದಂಗೆ. ಇನ್ನೊಂದು ಕಡೆ ಮಾತ್ರೆ ತಗೊಳ್ದೆ ಇದ್ದೋರು ಅಂತ ಹಿಡಿದಿದ್ದು ಬೇರೆ ಆಸ್ಪತ್ರೆಯೋರನ್ನ, ಬೇಡ ಅಂದೋರನ್ನ. ಯಾರಿಗೆ ಮಾತ್ರೆ ಯಾರಿಗಿಲ್ಲ ಅಂತ ಚೀಟಿ ಎತ್ತಿ ಹಂಚಿರ್ಲೇ ಇಲ್ಲ.

ಚೀಟಿ ಎತ್ತಿ ಹಂಚಿ ಮಾಡಿದ್ದು ಇಂಗ್ಲೆಂಡಿನ ರಿಕವರಿ ಅನ್ನೋ ಪ್ರಯೋಗ. 1,561 ಜನರಿಗೆ ಮಾತ್ರೆ, 3,155 ಜನರಿಗೆ ಮಾಮೂಲಿ ಚಿಕಿತ್ಸೆ. 28 ದಿನದಲ್ಲಿ ಮಾತ್ರೆ ಕಡೆ ತೀರಿಕೊಂಡೋರು ಶೇಕಡಾ 27, ಇನ್ನೊಂದು ಕಡೆ ಶೇಕಡಾ 25. ಏನೂ ಉಪಯೋಗ ಇಲ್ಲ ಅಂತ ಅದೇ ವರ್ಷ ಜೂನಲ್ಲೇ ಹೇಳಿದ್ರು. ಮಾರ್ಸೇ ಪೇಪರನ್ನ ಜರ್ನಲ್ಲಿನೋರು ವಾಪಸ್ ತೆಗೆದಿದ್ದು 2024ರ ಡಿಸೆಂಬರಲ್ಲಿ, ನಾಲ್ಕು ವರ್ಷ ಮುಕ್ಕಾಲು ಆದ್ಮೇಲೆ. ಆ ಸುದ್ದಿ ನಮ್ಮೂರಲ್ಲಿ ಯಾರ ಫೋನಿಗೂ ಬಂದಿದ್ದು ನಾನು ಕಾಣೆ.

ಚೀಟಿ ಎತ್ತಿ ಹಂಚೋದು ಯಾಕೆ ಅಷ್ಟು ಮುಖ್ಯ ಅಂತ ತುಂಬ ಜನ ಕೇಳ್ತಾರೆ. ನಾನು ನಮ್ಮೂರ ಕುಂದವಾಡ ಕೆರೆ ಉದಾಹರಣೆ ಕೊಡ್ತೀನಿ. ಬೆಳಿಗ್ಗೆ ಆರಕ್ಕೆ ಕೆರೆ ಏರಿ ಮೇಲೆ ವಾಕಿಂಗ್ ಮಾಡೋರನ್ನೂ ಮನೇಲೇ ಇರೋರನ್ನೂ ಹತ್ತು ವರ್ಷ ಗಮನಿಸಿದ್ರೆ ಕೆರೆಗೆ ಬರೋರೇ ಜಾಸ್ತಿ ಬದುಕಿರ್ತಾರೆ, ಇದು ಹೇಳೋಕೆ ಸಂಶೋಧನೆ ಬೇಕಿಲ್ಲ. ಆದ್ರೆ ಅದು ಕೆರೆ ಗಾಳಿ ಮಹಿಮೆನಾ? ಅಲ್ಲಿಗೆ ಬರೋರು ಮೊದ್ಲೇ ಕಾಲಲ್ಲಿ ಶಕ್ತಿ ಇರೋರು, ಬೆಳಿಗ್ಗೆ ಗಿರಣಿ ಕೆಲಸಕ್ಕೆ ಹೋಗ್ಬೇಕಾಗಿಲ್ದೋರು, ಬೀಡಿ ಸೇದದೋರು, ವರ್ಷಕ್ಕೊಂದ್ಸಲ ರಕ್ತ ಪರೀಕ್ಷೆ ಮಾಡಿಸೋರು. ಸುಮ್ನೆ ನೋಡಿ ಲೆಕ್ಕ ಹಾಕಿದ್ರೆ ಇದೆಲ್ಲ ಕೆರೆ ಖಾತೆಗೆ ಜಮಾ ಆಗುತ್ತೆ.

ಹಿಂಗೇ ಆಗಿದ್ದು ಬೀಟಾ ಕ್ಯಾರೋಟಿನ್ ವಿಷಯದಲ್ಲಿ, ಕ್ಯಾರೆಟ್ಟಿಗೆ ಬಣ್ಣ ಕೊಡೋದು. ಅದು ರಕ್ತದಲ್ಲಿ ಜಾಸ್ತಿ ಇರೋರಿಗೆ ಶ್ವಾಸಕೋಶದ ಕ್ಯಾನ್ಸರ್ ಕಮ್ಮಿ ಅಂತ ಗಮನಿಸಿದ ಸಂಶೋಧನೆಗಳೆಲ್ಲ ಹೇಳಿದ್ವು. ಫಿನ್‌ಲ್ಯಾಂಡಲ್ಲಿ 29,133 ಜನ ಸಿಗರೇಟ್ ಸೇದೋ ಗಂಡಸರಿಗೆ ಚೀಟಿ ಎತ್ತಿ ಹಂಚಿ ಮಾತ್ರೆ ಕೊಟ್ಟು ನೋಡಿದ್ರು. 1994ರಲ್ಲಿ ಫಲಿತಾಂಶ ಬಂತು, ಬೀಟಾ ಕ್ಯಾರೋಟಿನ್ ತಗೊಂಡೋರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18 ಜಾಸ್ತಿ. ನಾನು ಈ ಥರದ ಮಾತ್ರೆನೂ ಮಾರೋನೇ, ಅದಕ್ಕೇ ಹೇಳ್ತಿದೀನಿ, ಸಿಗರೇಟ್ ಸೇದೋರು ಕ್ಯಾರೆಟ್ ತಿನ್ನಿ, ಬೀಟಾ ಕ್ಯಾರೋಟಿನ್ ಮಾತ್ರೆ ಬೇಡ.

ಇನ್ನು ಬೆಣ್ಣೆ. ನಮ್ಮೂರೋರು ಇದನ್ನ ಬಿಡೋಹಂಗಿಲ್ಲ. 1984ರಲ್ಲಿ ಅಮೆರಿಕದ ಟೈಮ್ ಪತ್ರಿಕೆ ಮುಖಪುಟದಲ್ಲಿ ಮೊಟ್ಟೆ, ಹಂದಿ ಮಾಂಸದ ಚೂರು ಜೋಡಿಸಿ ಅಳುಮೋರೆ ಮಾಡಿ ಕೊಲೆಸ್ಟ್ರಾಲ್ ಕೆಟ್ಟದು ಅಂತ ಹಾಕ್ತು, ಅದೇ ಪತ್ರಿಕೆ 2014ರಲ್ಲಿ ಬೆಣ್ಣೆ ತಿನ್ನಿ ಅಂತ ಮುಖಪುಟ ಮಾಡ್ತು. ಆ ವರ್ಷ ಬಂದ ಒಂದು ದೊಡ್ಡ ವಿಶ್ಲೇಷಣೆ, ಬೆಣ್ಣೆ ತುಪ್ಪದಂಥ ಕೊಬ್ಬಿಗೂ ಹೃದಯದ ಕಾಯಿಲೆಗೂ ಸ್ಪಷ್ಟ ಸಂಬಂಧ ಕಾಣ್ಲಿಲ್ಲ ಅಂತ ಹೇಳಿತ್ತು. ಅದು ಬಂದ್ಮೇಲೆ ಅದ್ರಲ್ಲಿ ತಪ್ಪು ಕಂಡು ತಿದ್ದುಪಡಿನೂ ಮಾಡಿದ್ರು, ಅದು ಯಾವ ಮುಖಪುಟಕ್ಕೂ ಬರ್ಲಿಲ್ಲ. ಅದಕ್ಕಿಂತ ದೊಡ್ಡ ವಿಷಯ ಏನಂದ್ರೆ ಬೆಣ್ಣೆ ಬಿಟ್ಟು ಅದ್ರ ಬದ್ಲು ಏನು ತಿಂದ್ರು ಅನ್ನೋದು. ಬೆಣ್ಣೆ ಬಿಟ್ಟು ಮೈದಾ ಸಕ್ಕರೆ ತಿಂದ್ರೆ ಏನೂ ಲಾಭ ಇಲ್ಲ, ಬೆಣ್ಣೆ ಬದ್ಲು ಸೂರ್ಯಕಾಂತಿಯಂಥ ಎಣ್ಣೆ ಬಳಸಿದ್ರೆ ಲಾಭ ಇದೆ. ಯಾವುದಕ್ಕೆ ಹೋಲಿಸಿ ಅಂತ ಹೇಳ್ದೆ ಒಳ್ಳೇದು ಕೆಟ್ಟದ್ದು ಅಂದ್ರೆ ಅರ್ಥಾನೇ ಇಲ್ಲ. ನಾನು ತಿಂಗಳಿಗೊಂದ್ಸಲ ಬೆಣ್ಣೆ ದೋಸೆ ತಿಂತೀನಿ, ಆಲೂಗಡ್ಡೆ ಪಲ್ಯ ಕಾಯಿ ಚಟ್ನಿ ಜೊತೆ, ಸೌದೆ ಒಲೆ ಮೇಲೆ ಹಾಕಿದ್ದು, ರುಚಿಗೆ ತಿಂತೀನಿ. ಹೃದಯಕ್ಕೆ ಒಳ್ಳೇದು ಅಂತ ಅಲ್ಲ.

ಎಲ್ಲ ತಪ್ಪೂ ಚಾನೆಲ್ಲಿನೋರದ್ದೇ ಅಂತ ನಾನೂ ಅನ್ಕೊಂಡಿದ್ದೆ. ಆದ್ರೆ 2014ರಲ್ಲಿ ಬ್ರಿಟನ್ನಿನ 20 ದೊಡ್ಡ ವಿಶ್ವವಿದ್ಯಾಲಯಗಳು ಕಳಿಸಿದ 462 ಪತ್ರಿಕಾ ಪ್ರಕಟಣೆ ತೆಗೆದು ಮೂಲ ಪೇಪರಿನ ಜೊತೆ ಹೋಲಿಸಿದೋರು ಇದಾರೆ, ಶೇಕಡಾ 40ರಲ್ಲಿ ಜನರಿಗೆ ಕೊಟ್ಟ ಸಲಹೆ ಪೇಪರಲ್ಲಿದ್ದಕ್ಕಿಂತ ಉಬ್ಬಿಸಿದ್ದು, ಶೇಕಡಾ 36ರಲ್ಲಿ ಪ್ರಾಣಿಗಳ ಮೇಲೆ ಮಾಡಿದ್ದನ್ನ ಮನುಷ್ಯರಿಗೂ ಎಳೆದಿದ್ದು. ಅಂದ್ರೆ ಸಂಶೋಧನೆ ಮಾಡಿದ ಜಾಗದಿಂದ ಹೊರಡೋವಾಗ್ಲೇ ಅದಕ್ಕೆ ಅರ್ಧ ಗಾಳಿ ತುಂಬಿರುತ್ತೆ, ಉಳಿದಿದ್ದು ದಾರೀಲಿ ತುಂಬುತ್ತೆ. ಇಲಿ ಅನ್ನೋ ಒಂದು ಪದ ದಾರೀಲಿ ಬಿದ್ದು ಹೋದ್ರೆ ಸಾಕು.

ಇಷ್ಟೆಲ್ಲ ಬರೆದ್ಮೇಲೆ ಒಂದು ವಿಷಯ ಬರೀದೆ ಬಿಟ್ರೆ ನಾನು ಮೋಸ ಮಾಡಿದಂಗೆ. ಅಡಿಕೆ.

ನಮ್ಮ ಸೋದರಮಾವನ ತೋಟ ಚನ್ನಗಿರಿ ತಾಲ್ಲೂಕಲ್ಲಿದೆ, ಮೂರು ಎಕ್ರೆ. ನನ್ನ ಡಿ ಫಾರ್ಮ ಫೀಸು ಕಟ್ಟಿದ್ದು ಆ ತೋಟದ ದುಡ್ಡಲ್ಲಿ, ಇದನ್ನ ಎಲ್ಲಿ ಬೇಕಾದ್ರೂ ಹೇಳ್ತೀನಿ. ಹೋದ ಸುಗ್ಗೀಲಿ ಹೋಗಿದ್ದಾಗ ಅಂಗಳದಲ್ಲಿ ಅಡಿಕೆ ಬೇಯಿಸ್ತಿದ್ರು, ಹಂಡೇಲಿ ಚೊಗರು ಕೆಂಪಗೆ ಕುದೀತಿತ್ತು, ಆ ವಾಸನೆ ನಂಗೆ ಚಿಕ್ಕೋನಿಂದ ಇಷ್ಟ. ಮಾವ ಪಕ್ಕದಲ್ಲಿ ಕೂತು ಕೇಳಿದ್ರು, "ಅಲ್ಲೋ, ಪೇಪರ್ನಾಗೆ ಬಂದಿದ್ದೆಲ್ಲ ನಂಬಬ್ಯಾಡ್ರಿ ಅಂತ ಊರಿಗೆಲ್ಲ ಹೇಳ್ತಿಯಂತೆ, ಅಡಿಕೆ ತಿಂದ್ರೆ ಕ್ಯಾನ್ಸರ್ ಅಂತಾರಲ್ಲ, ಅದೂ ಸುಳ್ಳು ಅಂತ ಹೇಳು ಮತ್ತೆ."

ಹೇಳೋಕಾಗ್ಲಿಲ್ಲ. ನಮ್ಮ ಹೊಟ್ಟೆಗೆ ಹೊಡೆಯೋ ಸುದ್ದಿಗೆ ಒಂದು ಅಳತೆ, ಬೇರೆಯೋರ ಹೊಟ್ಟೆಗೆ ಹೊಡೆಯೋದಕ್ಕೆ ಇನ್ನೊಂದು ಅಳತೆ ಇಟ್ಕೊಳ್ಳೋಕೆ ಬರಲ್ಲ. ಅಡಿಕೆ ವಿಷಯ ಒಂದಿನ ದಿಢೀರ್ ಅಂತ ಬಂದಿದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಐಎಆರ್‌ಸಿ 1985ರಲ್ಲಿ ಹೇಳಿದ್ದು ತಂಬಾಕು ಹಾಕಿದ ಎಲೆಅಡಿಕೆ ಕ್ಯಾನ್ಸರ್ ತರುತ್ತೆ ಅಂತ ಮಾತ್ರ, ಬರೀ ಅಡಿಕೆ ವಿಷಯದಲ್ಲಿ ಸಾಕಷ್ಟು ಪುರಾವೆ ಇಲ್ಲ ಅಂತ ಬಿಟ್ಟಿದ್ರು. ನಮ್ಮಲ್ಲಿ ತಂಬಾಕು ಅಡಿಕೆ ಎರಡೂ ಒಟ್ಟಿಗೇ ಬಾಯಿಗೆ ಹೋಗೋದ್ರಿಂದ ಯಾವುದರ ತಪ್ಪು ಅಂತ ಬಿಡಿಸೋದು ಕಷ್ಟ. ಆದ್ರೆ ತೈವಾನಲ್ಲಿ ಅಡಿಕೆ ಜಗಿಯೋರು ತಂಬಾಕು ಹಾಕಲ್ಲ. ಅಲ್ಲೂ ಬಾಯಿ ಕ್ಯಾನ್ಸರ್ ಜಾಸ್ತಿ ಕಂಡಿತು, ಹೆಚ್ಚು ಜಗಿದೋರಲ್ಲಿ ಹೆಚ್ಚು ಕಂಡಿತು, ಬೇರೆ ದೇಶದಲ್ಲೂ ಕಂಡಿತು. 2003ರಲ್ಲಿ ಮತ್ತೆ ಕೂತು ಬರೀ ಅಡಿಕೆನೂ ಒಂದನೇ ಗುಂಪಿಗೆ, ಅಂದ್ರೆ ಮನುಷ್ಯರಿಗೆ ಕ್ಯಾನ್ಸರ್ ತರೋದು ಖಚಿತ ಅನ್ನೋ ಗುಂಪಿಗೆ, ಸೇರಿಸಿದ್ರು. ಹದಿನೆಂಟು ವರ್ಷ ಕಾದಿದಾರೆ. ಈ ಗುಂಪು ಅನ್ನೋದು ಪುರಾವೆ ಎಷ್ಟು ಗಟ್ಟಿ ಅಂತ ಹೇಳುತ್ತೆ, ಅಪಾಯ ಎಷ್ಟು ದೊಡ್ಡದು ಅಂತ ಹೇಳಲ್ಲ, ಅದನ್ನೂ ಮಾವಂಗೆ ಹೇಳ್ದೆ. ಹಬ್ಬದಲ್ಲಿ ಒಂದು ಎಲೆ ಹಾಕ್ಕೊಂಡೋರಿಗೂ ದಿನಕ್ಕೆ ಇಪ್ಪತ್ತು ಪೊಟ್ಟಣ ಹಾಕೋರಿಗೂ ಒಂದೇ ಅಲ್ಲ.

ಮತ್ತೆ ನಾನು ಕಣ್ಣಲ್ಲಿ ಕಂಡಿದ್ದೂ ಹೇಳ್ದೆ. ಅಂಗಡಿಗೆ ಒಬ್ಬ ಹುಡುಗ ಬರ್ತಾನೆ, ಇಪ್ಪತ್ತಮೂರು ವರ್ಷ ಇರಬಹುದು, ಖಾರ ತಿನ್ನೋಕೆ ಆಗ್ತಿಲ್ಲ, ಬಾಯಿ ಹುಣ್ಣಿಗೆ ಮುಲಾಮು ಕೊಡಿ ಅಂತ ಎರಡು ಮೂರು ಸಲ ತಗೊಂಡು ಹೋಗಿದ್ದ. ಒಂದಿನ ಬಾಯಿ ತೆಗಿಯಪ್ಪ, ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಒಳಗೆ ಇಡು ಅಂದೆ. ಎರಡು ಬೆರಳಿಗೇ ಹಲ್ಲು ತಾಗ್ತು. ಕೆನ್ನೆ ಒಳಗೆ ಚರ್ಮ ಬೆಳ್ಳಗೆ ಗಟ್ಟಿ ಆಗೋ ಕಾಯಿಲೆ ಅದು, ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತಾರೆ, ಅಡಿಕೆ ಜಗಿಯೋದ್ರಿಂದಾನೇ ಬರೋದು, ಕೆಲವ್ರಲ್ಲಿ ಮುಂದೆ ಕ್ಯಾನ್ಸರ್ರೂ ಆಗುತ್ತೆ. ಅವನ ಜೇಬಲ್ಲಿ ಆಗ್ಲೂ ಎರಡು ಪೊಟ್ಟಣ ಇದ್ವು. ಹಲ್ಲಿನ ಡಾಕ್ಟ್ರ ಹತ್ರ ಕಳಿಸ್ದೆ.

ಮಾವ ಒಲೆಗೆ ಇನ್ನೆರಡು ಸೌದೆ ಇಟ್ರು, ಉತ್ತರ ಕೊಡ್ಲಿಲ್ಲ. ನಾನೂ ಮಾತು ಬೆಳೆಸ್ಲಿಲ್ಲ, ತೋಟ ಕಿತ್ತು ಹಾಕಿ ಅಂತ ಹೇಳೋಕೆ ನಾನ್ಯಾರು, ಅವ್ರಿಗೆ ಬೇರೆ ಬೆಳೆ ಯಾವುದು, ನೀರು ಸಾಲ ಎಲ್ಲ ಏನಾಗ್ಬೇಕು, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಸಾಯಂಕಾಲ ಬಸ್ಸಿಗೆ ಬಿಡೋಕೆ ಬಂದಾಗ್ಲೂ ಮಳೆ ವಿಷಯ ಮಾತಾಡಿದ್ರು ಅಷ್ಟೆ.

ಮೊನ್ನೆ ಗುರುವಾರ ರಾತ್ರಿ ಅಂಗಡಿ ಮುಚ್ಚೋ ಹೊತ್ತಿಗೆ ಮಾವನ ಫೋನ್ ಬಂತು. ಅವ್ವನ ಬಿಪಿ ಹೆಂಗೈತೆ ಅಂತ ಕೇಳಿದ್ರು, ಭಾನುವಾರ ನೋಡಿದ್ದೆ, 138/84, ನೋಟ್‌ಬುಕ್ಕಲ್ಲಿ ಬರೆದಿದೀನಿ ಅಂದೆ. ಆಮೇಲೆ ಸ್ವಲ್ಪ ಹೊತ್ತು ಸುಮ್ನಿದ್ರು. "ನಮ್ಮ ಹುಡುಗನ ಬಾಯಾಗೆ ಮೂರು ಬೆರಳು ಇಡ್ಸಿ ನೋಡ್ದೆ" ಅಂದ್ರು, "ಎರಡೂವರೆ ಹಿಡೀತತಿ. ಸೋಮವಾರ ಕರ್ಕಂಡ್ ಬಂದ್ರೆ ಆ ಡಾಕ್ಟ್ರು ಸಿಗ್ತಾರೇನು?"